ಸಣ್ಣ ವಿಶ್ವಕೋಶ ಕಟ್ಟಲು ಹೊರಟವಳಿಗೆ

ಚಿರಂಜೀವಿ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನೂ ನಿನ್ನ ಸ್ನೇಹಿತರೂ ಸೇರಿ ಅಂತರಜಾಲದಲ್ಲಿ ಹೊಸ ವಿಶ್ವಕೋಶವೊಂದನ್ನು ಆರಂಭಿಸಬೇಕೆಂದಿರುವ ವಿಚಾರ ಓದಿ ಸಂತೋಷವಾಯಿತು. ಅದರ ಒಂದು ಭಾಗ ಗಣಿತವನ್ನು ಆಳವಾಗಿ ಅಭ್ಯಾಸ ಮಾಡುವವರಿಗೆ, ಇನ್ನೊಂದು ಭಾಗ ಹತ್ತು ವರ್ಷದ ಮಕ್ಕಳಿಗೆ ಎಂದು ಬರೆದಿದ್ದೀಯೆ. ನನ್ನ ಮಾತೆಲ್ಲ ಆ ಒಂದು ವಾಕ್ಯದ ಬಗ್ಗೆಯೇ. ಓದುವವರು ಯಾರು ಎಂಬುದನ್ನು ಮೊದಲು ನಿಶ್ಚಯಿಸಿಕೊ. ಲೇಖನ ಯಾರು ಬರೆಯಬೇಕು, ಯಾರು ಒಪ್ಪಬೇಕು, ಐದು ವರ್ಷದ ನಂತರ ಅದನ್ನು ಯಾರು ತಿದ್ದಬೇಕು ಎಂಬ ಪ್ರಶ್ನೆಗಳಿಗೆ ತಜ್ಞರ ಕೋಶ ಕೊಡುವ ಉತ್ತರವೇ ಬೇರೆ, ಮಕ್ಕಳ ಕೋಶ ಕೊಡುವ ಉತ್ತರವೇ ಬೇರೆ. ಎರಡನ್ನೂ ಒಂದೇ ಚಾವಣಿಯ ಕೆಳಗೆ ತಂದರೆ ಎರಡಕ್ಕೂ ಅನ್ಯಾಯವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಿಕಿಪೀಡಿಯಕ್ಕಿಂತ ಉತ್ತಮವಾದದ್ದನ್ನು ಮಾಡುವ ಆಸೆಯೂ ನಿನ್ನ ಪತ್ರದಲ್ಲಿ ಕಾಣುತ್ತದೆ. ಆ ಆಸೆಯನ್ನು ಬಿಟ್ಟುಬಿಡು ಎಂದು ಪ್ರೀತಿಯಿಂದಲೇ ಹೇಳುತ್ತೇನೆ. ವಿಕಿಪೀಡಿಯ 2001ರ ಜನವರಿಯಲ್ಲಿ ಹುಟ್ಟುವ ಮೊದಲೇ, 2000ದಲ್ಲಿ, ಅದೇ ಜನ ನ್ಯೂಪೀಡಿಯ ಎಂಬ ಕೋಶವನ್ನು ಆರಂಭಿಸಿದ್ದರು. ಅಲ್ಲಿ ತಜ್ಞರು ಬರೆದ ಪ್ರತಿಯೊಂದು ಲೇಖನವೂ ಏಳು ಹಂತಗಳ ಪರಿಶೀಲನೆಯನ್ನು ದಾಟಬೇಕಾಗಿತ್ತು. 2003ರಲ್ಲಿ ಅದು ಮುಚ್ಚಿಹೋಗುವ ಹೊತ್ತಿಗೆ ಒಪ್ಪಿಗೆ ಪಡೆದ ಲೇಖನಗಳು ಕೆಲವು ಡಜನ್ ಸಹ ಆಗಿರಲಿಲ್ಲ. ವಿಕಿಪೀಡಿಯದ ಸ್ಥಾಪಕರಲ್ಲಿ ಒಬ್ಬರಾದ ಲ್ಯಾರಿ ಸ್ಯಾಂಗರ್ ಮುಂದೆ ಅದರಿಂದ ಹೊರಬಂದು, ನಿಜವಾದ ಹೆಸರಿನಲ್ಲೇ ಬರೆಯಬೇಕು, ತಜ್ಞರ ಮಾತಿಗೆ ಮನ್ನಣೆ ಇರಬೇಕು ಎಂಬ ನಿಯಮಗಳೊಡನೆ 2007ರಲ್ಲಿ ಸಿಟಿಜೆಂಡಿಯಮ್ ಅನ್ನು ಸಾರ್ವಜನಿಕರಿಗೆ ತೆರೆದರು. ಉದ್ದೇಶ ಒಳ್ಳೆಯದೇ ಆಗಿತ್ತು, ಆದರೆ ಮೊದಲಿನ ಉತ್ಸಾಹ ಇಳಿದ ಮೇಲೆ ಬರೆಯುವವರು ಬೆರಳೆಣಿಕೆಗೆ ಬಂದರು. ಗೂಗಲ್‌ನಂಥ ಸಂಸ್ಥೆಯೇ 2008ರಲ್ಲಿ ತೆರೆದ ನೋಲ್ ಎಂಬ ಇಂಥದೇ ಲೇಖನಗಳ ತಾಣವೂ 2012ರಲ್ಲಿ ಮುಚ್ಚಿತು. ಇವುಗಳಲ್ಲಿ ಯಾವುದಕ್ಕೂ ಬುದ್ಧಿವಂತರ ಕೊರತೆ ಇರಲಿಲ್ಲ. ಎಲ್ಲರಿಗೂ ಎಲ್ಲ ವಿಷಯವನ್ನೂ ಹೇಳುವ ಕೋಶವೊಂದು ಎದುರಿಗೆ ದಿನದಿನಕ್ಕೆ ಬೆಳೆಯುತ್ತಿರುವಾಗ, ಅದೇ ಓದುಗರಿಗೆ ಅದೇ ವಿಷಯವನ್ನು ಹೇಳಲು ಹೊರಟದ್ದೇ ಅವುಗಳ ಕಷ್ಟಕ್ಕೆ ಮುಖ್ಯ ಕಾರಣವೆಂದು ನಾನು ತಿಳಿಯುತ್ತೇನೆ.

ಉಳಿದುಕೊಂಡವು ಯಾವುವೆಂದು ನೋಡು. ಸ್ಟ್ಯಾನ್‌ಫರ್ಡ್ ತತ್ತ್ವಶಾಸ್ತ್ರ ವಿಶ್ವಕೋಶ 1995ರಲ್ಲಿ, ಅಂದರೆ ವಿಕಿಪೀಡಿಯಕ್ಕೂ ಮೊದಲು, ಎಡ್ವರ್ಡ್ ಝಾಲ್ಟಾ ಅವರ ಸಂಪಾದಕತ್ವದಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿದೆ. ಅದು ಒಂದೇ ಶಾಸ್ತ್ರಕ್ಕೆ ತನ್ನನ್ನು ಕಟ್ಟಿಕೊಂಡಿದೆ. ಪ್ರತಿ ಲೇಖನಕ್ಕೂ ಹೆಸರು ಹೊತ್ತ ಲೇಖಕರಿದ್ದಾರೆ, ಪ್ರಕಟಣೆಗೆ ಮುನ್ನ ವಿಷಯ ಬಲ್ಲವರು ಅದನ್ನು ಪರಿಶೀಲಿಸುತ್ತಾರೆ. ನನಗೆ ಇವೆಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಅವರು ಕಾಲದ ವಿಷಯದಲ್ಲಿ ಮಾಡಿಕೊಂಡಿರುವ ವ್ಯವಸ್ಥೆ. ಲೇಖನ ಬರೆದುಕೊಟ್ಟ ಮಾತ್ರಕ್ಕೆ ಲೇಖಕರ ಹೊಣೆ ತೀರುವುದಿಲ್ಲ. ಶಾಸ್ತ್ರ ಮುಂದುವರಿದಂತೆ ಅವರೇ ಅದನ್ನು ಪರಿಷ್ಕರಿಸಬೇಕು, ಅದು ಅವರಿಂದ ಸಾಧ್ಯವಾಗದಿದ್ದರೆ ಆ ಕೆಲಸ ಬೇರೊಬ್ಬರ ಕೈಗೆ ಹೋಗುತ್ತದೆ. ಮೊದಲು ಪ್ರಕಟವಾದ ದಿನವನ್ನೂ ಕೊನೆಯ ಬಾರಿ ಗಣನೀಯವಾಗಿ ತಿದ್ದಿದ ದಿನವನ್ನೂ ಲೇಖನದ ತಲೆಯಲ್ಲೇ ಮುದ್ರಿಸುತ್ತಾರೆ. ವರ್ಷಕ್ಕೆ ನಾಲ್ಕು ಬಾರಿ ಇಡೀ ಕೋಶದ ಸ್ಥಿರ ಪ್ರತಿಯೊಂದನ್ನು ಸಂಗ್ರಹದಲ್ಲಿ ಇಡುವುದರಿಂದ, ಇಂದು ಒಬ್ಬ ವಿದ್ಯಾರ್ಥಿ ಉಲ್ಲೇಖಿಸಿದ ಮಾತು ಹತ್ತು ವರ್ಷದ ನಂತರವೂ ಅದೇ ರೂಪದಲ್ಲಿ ಸಿಗುತ್ತದೆ. ಓದಲು ಯಾರೂ ಹಣ ಕೊಡಬೇಕಾಗಿಲ್ಲ; ಹಲವು ಗ್ರಂಥಾಲಯಗಳು ಕೈಜೋಡಿಸಿ ಕೂಡಿಸಿದ ನಿಧಿ ಅದಕ್ಕೆ ಆಧಾರವಾಗಿ ನಿಂತಿದೆ. ನೀನು ಗಣಿತದ ಕೋಶವನ್ನೇ ಆರಿಸಿಕೊಂಡರೆ, ಮೊದಲ ಲೇಖನ ಬರೆಸುವ ಮುನ್ನ ಈ ವ್ಯವಸ್ಥೆಯನ್ನು ಅಧ್ಯಯನ ಮಾಡು. 2006ರಲ್ಲಿ ಯೂಜೀನ್ ಇಝಿಕೆವಿಚ್ ಆರಂಭಿಸಿದ ಸ್ಕಾಲರ್‌ಪೀಡಿಯ ಎಂಬ ತಜ್ಞರ ಕೋಶವನ್ನೂ ನೋಡಬೇಕು. ಅಲ್ಲಿ ಲೇಖನಕ್ಕೊಬ್ಬ ಪಾಲಕರಿರುತ್ತಾರೆ. ಯಾರೇ ಸೂಚಿಸಿದ ತಿದ್ದುಪಡಿಯೂ ಅವರ ಕಣ್ಣಿನ ಮುಂದೆ ಹಾದುಹೋಗಬೇಕು. ಇದರಿಂದ ಗುಣಮಟ್ಟ ಉಳಿಯುತ್ತದೆ, ಆದರೆ ಪಾಲಕರು ಸುಮ್ಮನಾದರೆ ಲೇಖನವೂ ನಿಂತಲ್ಲೇ ನಿಲ್ಲುತ್ತದೆ.

ಇನ್ನು ಮಕ್ಕಳ ಕೋಶಗಳ ವಿಚಾರ. ನನ್ನ ಮನಸ್ಸು ಈ ಕಡೆಗೇ ಹೆಚ್ಚು ವಾಲುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಫ್ರೆಂಚ್ ಭಾಷೆಯಲ್ಲಿ 2006ರಲ್ಲಿ ಆರಂಭವಾದ ವಿಕಿಡಿಯ 8ರಿಂದ 13 ವರ್ಷದವರನ್ನು ಗಮನದಲ್ಲಿಟ್ಟುಕೊಂಡಿದೆ. ಅಲ್ಲಿ ಮಕ್ಕಳೂ ದೊಡ್ಡವರೂ ಜೊತೆಯಾಗಿ ಬರೆಯುತ್ತಾರೆ, ಮುಂದೆ ಅದಕ್ಕೆ ಬೇರೆ ಭಾಷೆಗಳ ಆವೃತ್ತಿಗಳೂ ಬಂದವು. 2008ರಲ್ಲಿ ಸ್ವಿಟ್ಜರ್ಲೆಂಡಿನಿಂದ ಹೊರಟ ವಿಕಿಮಿನಿಯಲ್ಲಿ ಮಕ್ಕಳೇ ಮುಖ್ಯ ಲೇಖಕರು. 2014ರ ಕೊನೆಯಲ್ಲಿ ಜರ್ಮನ್ ಭಾಷೆಯಲ್ಲಿ ಹುಟ್ಟಿದ ಕ್ಲೆಕ್ಸಿಕಾನ್ ಬೇರೊಂದು ದಾರಿ ಹಿಡಿಯಿತು: ಮಕ್ಕಳಿಗಾಗಿ ಮುಖ್ಯವಾಗಿ ದೊಡ್ಡವರು ಬರೆಯುತ್ತಾರೆ, ಬರೆದದ್ದು ಮೊದಲು ಕರಡಾಗಿ ನಿಲ್ಲುತ್ತದೆ, ಉಳಿದವರು ಓದಿ ಒಪ್ಪಿದ ಮೇಲೆಯೇ ಕೋಶದೊಳಗೆ ಸೇರುತ್ತದೆ. ಬಾಸ್ಕ್ ಭಾಷೆಯವರು 2018ರಲ್ಲಿ ಆರಂಭಿಸಿದ ಚಿಕಿಪೀಡಿಯ ಇನ್ನೂ ಸರಳವಾದ ಉಪಾಯ. ಅವರು ಪ್ರತ್ಯೇಕ ತಾಣವನ್ನೇ ಕಟ್ಟದೆ, ತಮ್ಮ ಭಾಷೆಯ ವಿಕಿಪೀಡಿಯದೊಳಗೇ ದೊಡ್ಡವರ ಲೇಖನದ ಪಕ್ಕದಲ್ಲಿ ಮಕ್ಕಳ ಲೇಖನವನ್ನು ಇಟ್ಟರು. ಕೆಲಸ ಮಾಡುವ ಕೈಗಳು ಕಡಿಮೆ ಇರುವ ಭಾಷೆಗೆ ಇದಕ್ಕಿಂತ ವಿವೇಕದ ಮಾರ್ಗ ನನಗೆ ಕಾಣುವುದಿಲ್ಲ. ನಿಮ್ಮ ಗುಂಪು ಚಿಕ್ಕದಾದ್ದರಿಂದ ನೀನು ಇದನ್ನು ಗಂಭೀರವಾಗಿ ಯೋಚಿಸಬೇಕು.

ಸರಳ ಭಾಷೆಯ ಕೋಶವೇ ಮಕ್ಕಳ ಕೋಶ ಎಂದು ಮಾತ್ರ ಭಾವಿಸಬೇಡ. 2001ರಿಂದಲೂ ಇರುವ ಸರಳ ಇಂಗ್ಲಿಷಿನ ವಿಕಿಪೀಡಿಯದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. ಮಕ್ಕಳ ಜೊತೆಗೆ, ಆ ಭಾಷೆಯನ್ನು ಹೊಸದಾಗಿ ಕಲಿಯುತ್ತಿರುವ ವಯಸ್ಕರಿಗೂ ಓದಿನಲ್ಲಿ ತೊಡಕಿರುವವರಿಗೂ ಅದು ಸಲ್ಲುತ್ತದೆ. ವಯಸ್ಕ ಓದುಗನಿಗೆ ಮಾತು ಸುಲಭವಾದರೆ ಸಾಕು, ಲೋಕದ ಪರಿಚಯ ಅವನಿಗೆ ಈಗಾಗಲೇ ಇದೆ. ಹತ್ತು ವರ್ಷದ ಮಗುವಿಗೆ ಆ ಪರಿಚಯವನ್ನೇ ಮಾಡಿಸಬೇಕು. ಆದ್ದರಿಂದ ದೊಡ್ಡವರ ಲೇಖನವನ್ನು ಕತ್ತರಿಸಿ ಚಿಕ್ಕದು ಮಾಡಿದರೆ ಮಕ್ಕಳ ಲೇಖನವಾಗುವುದಿಲ್ಲ. ಜ್ವಾಲಾಮುಖಿಯ ಬಗ್ಗೆ ಬರೆಯುವಾಗ ಶಿಲಾಪಾಕದ ರಾಸಾಯನಿಕ ವರ್ಗೀಕರಣವನ್ನು ಬಿಡಬಹುದು. ಆದರೆ ಒಳಗಿನ ಬಂಡೆ ಏಕೆ ಕರಗುತ್ತದೆ, ಕರಗಿದ್ದು ಏಕೆ ಮೇಲಕ್ಕೇ ಬರುತ್ತದೆ ಎಂಬುದನ್ನು ಬಿಟ್ಟರೆ ಮಗುವಿನ ಪ್ರಶ್ನೆಯನ್ನೇ ಬಿಟ್ಟಂತೆ. ಯುದ್ಧ, ಗುಲಾಮಗಿರಿ, ಸಾವು ಮುಂತಾದ ವಿಷಯಗಳನ್ನು ಮಕ್ಕಳ ಕೋಶದಿಂದ ಹೊರಗಿಡಬೇಕೆಂಬ ಸಲಹೆ ನಿನಗೆ ಬಂದೇ ಬರುತ್ತದೆ. ಒಪ್ಪಬೇಡ. ಮಗು ಆ ಶಬ್ದಗಳನ್ನು ಬೇರೆಲ್ಲಿಯೋ ಕೇಳಿಯೇ ನಿನ್ನ ಬಳಿಗೆ ಬಂದಿರುತ್ತದೆ. ನೀನು ಸತ್ಯವನ್ನು ಅದರ ವಯಸ್ಸಿಗೆ ತಕ್ಕ ವಿವರದಲ್ಲಿ ಹೇಳದಿದ್ದರೆ, ಅಂಥ ಎಚ್ಚರಿಕೆಯಿಲ್ಲದ ಬೇರೆ ಯಾರಾದರೂ ಹೇಳುತ್ತಾರೆ. ಮಕ್ಕಳ ಕೈಯಿಂದಲೇ ಬರೆಸುವುದಾದರೆ, ಅವರ ಪೂರ್ಣ ಹೆಸರು, ಭಾವಚಿತ್ರ, ಶಾಲೆ ಯಾವುದೂ ತಾಣದಲ್ಲಿ ಕಾಣಿಸದಂತೆ ಮೊದಲ ದಿನದಿಂದಲೇ ನಿಯಮ ಮಾಡು. ಮಗು ಬರೆದದ್ದನ್ನು ಅಳಿಸುವಾಗ ಕಾರಣವನ್ನು ಅದಕ್ಕೆ ಅರ್ಥವಾಗುವಂತೆ ತಿಳಿಸುವ ತಾಳ್ಮೆಯುಳ್ಳವರನ್ನೇ ಆ ಕೆಲಸಕ್ಕೆ ನೇಮಿಸು.

ಹಕ್ಕುಗಳ ಬಗ್ಗೆ ಯುವಕರು ಉದಾಸೀನರಾಗಿರುತ್ತಾರೆ. ಎರಿಕ್ ವೈಸ್ಟೈನ್ ಅವರ ಮ್ಯಾತ್‌ವರ್ಲ್ಡ್ ಎಂಬ ಗಣಿತ ಕೋಶ, ಅದರ ಮುದ್ರಿತ ರೂಪವನ್ನು ಪ್ರಕಟಿಸಿದ್ದ ಸಂಸ್ಥೆಯೊಡನೆ ಉಂಟಾದ ವ್ಯಾಜ್ಯದಿಂದ, 2000ದ ಅಕ್ಟೋಬರಿನಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಓದುಗರಿಗೆ ಸಿಗದೇ ಹೋಯಿತು. ಆ ಅವಧಿಯಲ್ಲೇ, ಯಾರೂ ಮುಚ್ಚಿಸಲಾಗದ ಮುಕ್ತ ಪರವಾನಗಿಯ, ಅಂದರೆ ಯಾರು ಬೇಕಾದರೂ ನಕಲು ಮಾಡಿ ಬಳಸಬಹುದಾದ, ಕೋಶ ಬೇಕೆಂದು ಬೇರೆಯವರು ಪ್ಲ್ಯಾನೆಟ್‌ಮ್ಯಾತ್ ಅನ್ನು ಕಟ್ಟಿದರು. ನಿಮ್ಮ ಲೇಖನಗಳ ಹಕ್ಕು ಯಾರದು, ಬೇರೆಯವರು ಅವನ್ನು ಯಾವ ಷರತ್ತಿನ ಮೇಲೆ ಬಳಸಬಹುದು ಎಂಬುದನ್ನು ಮೊದಲ ಲೇಖನಕ್ಕೂ ಮುಂಚೆ ಬರೆದಿಡು. ವಿಕಿಪೀಡಿಯದಿಂದ ಪಠ್ಯ ತೆಗೆದುಕೊಂಡರೆ ಮೂಲವನ್ನು ಹೆಸರಿಸಿ ಅದೇ ಪರವಾನಗಿಯಲ್ಲೇ ಪ್ರಕಟಿಸಬೇಕಾಗುತ್ತದೆ. ಸ್ಟ್ಯಾನ್‌ಫರ್ಡ್ ಕೋಶವನ್ನು ಉಚಿತವಾಗಿ ಓದಬಹುದಾದರೂ ಅದರ ಲೇಖನಗಳನ್ನು ನಕಲು ಮಾಡಿ ನಿನ್ನ ತಾಣದಲ್ಲಿ ಹಾಕುವಂತಿಲ್ಲ.

ನಿಮ್ಮ ಗುಂಪಿನವರೆಲ್ಲರೂ ಕೂತು, ಯಾವ ಓದುಗರೆಂದು ತೀರ್ಮಾನಿಸಿ ನನಗೆ ಬರೆಯಿರಿ. ಅದರೊಡನೆ ಮೊದಲ ನೂರು ಲೇಖನಗಳ ಶೀರ್ಷಿಕೆಗಳನ್ನೂ, ಒಂದೊಂದರ ಮುಂದೆ ಅದನ್ನು ಬರೆಯುವವರ ಹೆಸರನ್ನೂ, ಅವರು ಬಿಟ್ಟುಹೋದರೆ ನೋಡಿಕೊಳ್ಳುವವರ ಹೆಸರನ್ನೂ ಸೇರಿಸಿ ಕಳುಹಿಸಿ. ಎರಡನೆಯ ಹೆಸರು ದೊರೆಯದ ಶೀರ್ಷಿಕೆಗಳನ್ನು ಸದ್ಯಕ್ಕೆ ಪಟ್ಟಿಯಿಂದ ತೆಗೆದುಬಿಡಿ. ಮಕ್ಕಳ ಕೋಶವೆಂದು ನಿಶ್ಚಯವಾದರೆ ಕರಡುಗಳನ್ನು ಓದಿ ತಿದ್ದುವ ಕೆಲಸದಲ್ಲಿ ನನ್ನನ್ನೂ ಸೇರಿಸಿಕೊಳ್ಳಿ.

ಇಂತು ನಿನ್ನ ಶ್ರೇಯಸ್ಸನ್ನು ಬಯಸುವ,
ದೊಡ್ಡಮ್ಮ