ಗಲ್ಫ್‌ಗೆ ಹೊರಟ ಅಳಿಯನಿಗೆ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದ.

ಗಲ್ಫ್‌ನ ಮೀನು ಲಾಂಚಿಗೆ ಖಲಾಸಿಯಾಗಿ ಹೊರಟಿದ್ದೀಯಂತೆ, ಅಕ್ಕ ಫೋನ್ ಮಾಡಿದ್ದಳು. ಆ ಕಡೆಯ ಯುದ್ಧದ ಸುದ್ದಿ ಕೇಳಿ ಅವಳಿಗೆ ಊಟ ಸೇರುತ್ತಿಲ್ಲ. ಹೋಗಬೇಡ ಅಂತ ನಾನು ಹೇಳುವುದಿಲ್ಲ. ಮನೆಯ ಸಾಲ ನನಗೂ ಗೊತ್ತಿದೆ.

ಮೀನು ಹಿಡಿಯುವವರಿಗೆ ಯಾರು ಏನು ಮಾಡ್ತಾರೆ ಅಂದೆಯಂತೆ. ಐಸ್‌ಲ್ಯಾಂಡಿನವರೂ ಯುದ್ಧಕ್ಕೆ ಇಳಿದವರಲ್ಲ ಮಾರಾಯ. ಆದರೂ 1941ರ ಮಾರ್ಚ್‌ನಲ್ಲಿ ಅವರ ರೇಕ್ಯಾಬೋರ್ಗ್ ಎಂಬ ಟ್ರಾಲರನ್ನು ಜರ್ಮನ್ ಸಬ್‌ಮರೀನ್ ಮುಳುಗಿಸಿತು. 15 ಜನರಲ್ಲಿ 13 ಮಂದಿ ಸತ್ತರು. ಇಬ್ಬರು ಮಾತ್ರ ತೆಪ್ಪದ ಮೇಲೆ ದಿನಗಟ್ಟಲೆ ತೇಲಿ, ಬ್ರಿಟಿಷ್ ನೌಕೆಯ ಕಣ್ಣಿಗೆ ಬಿದ್ದರು. ನಡೆದದ್ದು ಊರಿಗೆ ತಿಳಿದದ್ದು ಅವರಿಂದ. ಅದೇ ವಾರ ಪೇತುರ್ಸೇ ಎಂಬ ಇನ್ನೊಂದು ಬೋಟು 10 ಜನರ ಸಮೇತ ಹೋಯಿತು. ಹೇಳಲು ಒಬ್ಬನೂ ಉಳಿಯಲಿಲ್ಲ. ಆ ಮನೆಯವರು ಎಷ್ಟು ಕಾಲ ದಾರಿ ಕಾದರೋ!

ಅದಕ್ಕೇ ಹೇಳುತ್ತೇನೆ, ಬೋಟು ಹತ್ತುವ ಮೊದಲು ಅದರ ಹೆಸರು, ನಂಬರು, ತಾಂಡೇಲನ (ಬೋಟು ನಡೆಸುವವನ) ಫೋನು, ಜೊತೆಗಿರುವವರ ಹೆಸರು, ಎಲ್ಲ ಬರೆದು ಅಕ್ಕನಿಗೆ ಕಳಿಸು. ಪಾಸ್‌ಪೋರ್ಟ್ ಮಾಲೀಕ ಇಟ್ಟುಕೊಂಡರೂ ಅದರ ಫೋಟೋ ಮನೆಯಲ್ಲಿರಲಿ. ರಾಯಭಾರ ಕಚೇರಿಯ ನಂಬರನ್ನೂ ಬರೆದುಕೊ.

ಯಾವ ನೀರಿನಲ್ಲಿ ಬಲೆ ಬಿಡುತ್ತಾರೆ ಅಂತ ಏಜೆಂಟನ್ನು ಕೇಳು, ನಾಚಿಕೆ ಬೇಡ. 2018ರಲ್ಲಿ ದುಬೈ ಬೋಟಿನಲ್ಲಿದ್ದ ನಮ್ಮ ಜಿಲ್ಲೆಯ ಮೀನುಗಾರರನ್ನು ಗಡಿ ದಾಟಿದರೆಂದು ಇರಾನಿನವರು ತಿಂಗಳುಗಟ್ಟಲೆ ಹಿಡಿದಿಟ್ಟಿದ್ದರಲ್ವಾ? ಅದು ಯುದ್ಧವಿಲ್ಲದ ಕಾಲದ ಮಾತು. ಬೋಟು ಎಲ್ಲಿದೆ ಅಂತ ತೋರಿಸುವ ಸಿಗ್ನಲ್ ಆಫ್ ಮಾಡಿ ಗಡಿಗೆ ನುಗ್ಗುವ ತಾಂಡೇಲನಾದರೆ, ಮೀನು ಎಷ್ಟೇ ಜಾಸ್ತಿ ಸಿಗಲಿ, ಮುಂದಿನ ಟ್ರಿಪ್ಪಿಗೆ ಹತ್ತಬೇಡ.

ಇನ್ನು ಲೈಫ್ ಜಾಕೆಟ್. ನಮ್ಮ ಬೈತಖೋಲ ಬಂದರಿನಲ್ಲಿ ನೀನೇ ನೋಡಿದ್ದೀಯ, ಎಷ್ಟೋ ಬೋಟಿನಲ್ಲಿ ಅದು ತಲೆದಿಂಬು. ಪಟ್ಟಿ ಹರಿದಿರುತ್ತದೆ, ಬಕಲ್ ಉಪ್ಪು ಹಿಡಿದು ಜಾಮ್ ಆಗಿರುತ್ತದೆ. ಹತ್ತಿದ ದಿನವೇ ನಿನ್ನದನ್ನು ಹಾಕಿ ನೋಡು, ಕತ್ತಲಲ್ಲಿ ಬಕಲ್ ಬಿಗಿಯಲು ಕಲಿ. ರಾಫ್ಟಿಗೆ ಹಗ್ಗ ಸುತ್ತಿ ಅದರ ಮೇಲೆ ಐಸ್ ಬಾಕ್ಸ್ ಇಟ್ಟಿದ್ದರೆ ಸರಿಸು. ಹೊಸ ಹುಡುಗ ಜೋರು ಮಾಡ್ತಾನೆ ಅಂದರೆ ಅನ್ನಲಿ.

ಏಜೆಂಟ್ ಸರಿಯಾಗಿ ಉತ್ತರ ಕೊಡದಿದ್ದರೆ ಸಹಿ ಹಾಕಬೇಡ, ಸುಮ್ನೆ ಮನೆಗೆ ಬಾ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್ 1ಕ್ಕೆ ಇಲ್ಲಿ ಬೋಟು ಬಿಡುತ್ತಾರೆ, ಜನ ಸಾಲದು ಅಂತ ನಮ್ಮ ತಾಂಡೇಲ ಈಗಲೇ ಕೇಳುತ್ತಿದ್ದಾನೆ. ಪಾಲು ಕಡಿಮೆ, ಅದು ನಿಜ.

ನಿನ್ನ ಮಾವ
ಕಾರವಾರ