ವಿವಿ ಕಟ್ಟುವ ಮೊದಲು ನಕ್ಷೆಯನ್ನು ಊರಿಗೆ ತೋರಿಸಿ

ಮಾನ್ಯ ಸಂಪಾದಕರೇ,

ಹಾಸನ ವಿಶ್ವವಿದ್ಯಾಲಯ ಉಳಿಯಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಒಂದು ಮಾತು ಬಿಟ್ಟೇ ಹೋಗಿದೆ. 2023ರಲ್ಲಿ ಶುರುವಾದ ಏಳು ಹೊಸ ವಿವಿಗಳಲ್ಲಿ ನಮ್ಮದೂ ಒಂದು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ವಿವಿಗಳನ್ನು ಮುಚ್ಚಲು ಹೇಳಿದಾಗ ಆ ಪಟ್ಟಿಯಲ್ಲಿ ಹಾಸನವೂ ಇತ್ತು. ಅದು ಉಳಿಯಲಿ, ಬೆಳೆಯಲಿ ಅನ್ನುವವರಲ್ಲಿ ನಾನೂ ಒಬ್ಬ. ಎಂ.ಎ. ಓದಲು ಮೈಸೂರಿಗೇ ಹೋಗಬೇಕು ಅಂದರೆ ನಮ್ಮ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳ ಓದು ಡಿಗ್ರಿಗೇ ನಿಲ್ಲುತ್ತದೆ. ಆದರೆ ವಿವಿ ಬೆಳೆದರೆ ಕಟ್ಟಡಗಳೂ ಏಳುತ್ತವೆ. ಅವು ಎಲ್ಲಿ, ಹೇಗೆ ಏಳಬೇಕು ಅಂತ ಊರಿನವರನ್ನು ಯಾರು ಕೇಳುತ್ತಾರೆ?

ಹೊರಗಿನವರು ಬರುತ್ತಾರೆ ಅನ್ನೋ ಭಯ ನಮಗಿಲ್ಲ. 1960ರಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಬಂತು. 1980ರ ದಶಕದಲ್ಲಿ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಬಂತು. ಎರಡೂ ಸಾಲಗಾಮೆ ರಸ್ತೆಯಲ್ಲೇ. ಎಲ್ಲೆಲ್ಲಿಂದಲೋ ಬಂದವರು ಇಲ್ಲಿ ಮನೆ ಮಾಡಿದರು, ಕನ್ನಡ ಕಲಿತರು, ಹಾಸನಾಂಬೆಯ ದರ್ಶನಕ್ಕೆ ನಮ್ಮ ಜೊತೆಗೇ ಸಾಲಿನಲ್ಲಿ ನಿಂತರು. ಅವರಿಂದ ಊರಿಗೆ ಒಳ್ಳೆಯದೇ ಆಯಿತು.

ನನ್ನ ಚಿಂತೆ ಕ್ಯಾಂಪಸ್ಸಿನ ಕಾಂಪೌಂಡಿನ ಆಚೆಗಿನದು. ಸೀಟು ಜಾಸ್ತಿಯಾಗಿ ಹಾಸ್ಟೆಲ್ ಜಾಸ್ತಿಯಾಗದೆ ಇದ್ದರೆ ಆ ಹೊರೆ ಪಕ್ಕದ ಬೀದಿಗಳ ಮೇಲೆ ಬೀಳುತ್ತದೆ. ಒಂದು ಸಂಸಾರಕ್ಕೆಂದು ಕಟ್ಟಿದ ಹೆಂಚಿನ ಮನೆ ಹೋಗಿ, ಅದೇ ಮೂವತ್ತು-ನಲವತ್ತರ ಸೈಟಿನಲ್ಲಿ ನಾಲ್ಕಂತಸ್ತಿನ ಪಿಜಿ ಏಳುತ್ತದೆ. ಜಗುಲಿ ಹೋಗುತ್ತದೆ, ಹಿತ್ತಲಿನ ಸೀಬೆ ಮರ ಹೋಗುತ್ತದೆ. ನೀರಿನ ಪೈಪು, ಒಳಚರಂಡಿ ಮಾತ್ರ ಹಳೆಯವೇ. ಬಾಡಿಗೆ ಏರಿ, ಅಲ್ಲೇ ಇದ್ದ ನರ್ಸಮ್ಮ, ಅಂಗಡಿ ಹುಡುಗ ಊರಾಚೆ ಮನೆ ಹುಡುಕಬೇಕಾಗುತ್ತದೆ. ಮನೆ ಮಾಲೀಕರನ್ನು ಸುಮ್ನೆ ಬೈದು ಫಲವಿಲ್ಲ. ಓದಲು ಬಂದ ಮಕ್ಕಳಿಗಾದರೂ ಕಿಟಕಿಯೇ ಇಲ್ಲದ ರೂಮಿನಲ್ಲಿ ನಾಲ್ಕು ಜನ ಮಲಗುವುದು ಸುಖವಾ? ಹಾಸ್ಟೆಲ್ ಮೊದಲು ಕಟ್ಟಿ, ಸೀಟು ಆಮೇಲೆ ಏರಿಸಿದರೆ ಇದರಲ್ಲಿ ಅರ್ಧ ತಪ್ಪುತ್ತದೆ.

ಇನ್ನು ನೀರು. ಹುಣಸಿನಕೆರೆ, ಚನ್ನಪಟ್ಟಣ ಕೆರೆ, ಸತ್ಯಮಂಗಲ ಕೆರೆ ಇಂದು ಯಾವ ಸ್ಥಿತಿಯಲ್ಲಿವೆ ಅಂತ ಹಾಸನದವರಿಗೆ ಹೇಳಬೇಕಿಲ್ಲ. ದೊಡ್ಡ ಕಟ್ಟಡಕ್ಕೆ ನೆಲ ಮಟ್ಟ ಮಾಡುವಾಗ ಮಳೆನೀರು ಕೆರೆಗೆ ಹರಿಯುವ ಹಳ್ಳವೇ ಮೊದಲು ಮುಚ್ಚಿಹೋಗುವುದು. ಆಮೇಲೆ ಮುಂಗಾರಿನಲ್ಲಿ ಕೆಳಗಿನ ಬಡಾವಣೆಗೆ ನೀರು ನುಗ್ಗುತ್ತದೆ, ಬೇಸಿಗೆಯಲ್ಲಿ ಕೊಳವೆಬಾವಿ ಬತ್ತುತ್ತದೆ.

ಬೇರೆ ದಾರಿ ಇದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ವಿವಿಯ ಕ್ಯಾಂಪಸ್ಸಾದ ಹೇಮಗಂಗೋತ್ರಿ ಮೊದಲು ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರವಾಗಿತ್ತು. ಆ ಮೈಸೂರು ವಿವಿಯ ಮಾನಸಗಂಗೋತ್ರಿಗೆ ಹೊಸ ಕ್ಯಾಂಪಸ್ ಆಗಿ 1960ರಲ್ಲಿ ರೂಪ ಕೊಟ್ಟವರು, ಆಗ ಕುಲಪತಿಯಾಗಿದ್ದ ಕುವೆಂಪು. ಅದರ ಪಕ್ಕದ ಕುಕ್ಕರಹಳ್ಳಿ ಕೆರೆ ವಿವಿಯ ಸುಪರ್ದಿಯಲ್ಲೇ ಇದೆ. ಆದರೂ ಬೆಳಗಾದರೆ ಕೆರೆ ಏರಿಯ ಮೇಲೆ ಇಡೀ ಮೈಸೂರು ವಾಕಿಂಗ್ ಮಾಡುತ್ತದೆ, ಹಕ್ಕಿ ನೋಡುತ್ತದೆ. ಊರಿನವರು ಒಳಗೆ ಬರುವ ಕ್ಯಾಂಪಸ್ ಹಾಗಿರುತ್ತದೆ. ನಮಗೂ ಅಂಥದ್ದೇ ಬೇಕು. ಭಾನುವಾರ ಊರಿನ ಮಕ್ಕಳಿಗೆ ಆಟದ ಮೈದಾನ ತೆರೆಯಲಿ, ಗ್ರಂಥಾಲಯದಲ್ಲಿ ನಮಗೂ ಒಂದು ಮೇಜು ಸಿಗಲಿ.

ಕಟ್ಟಡದ ಬಗ್ಗೆಯೂ ಹೇಳಲೇಬೇಕು. ಬಡವರ ಊಟಿ ಅಂತ ಹೆಸರಾದ ತಂಪು ಊರಿಗೆ ಗಾಜು ಮುಚ್ಚಿ ಎಸಿ ಹಾಕುವ ಕಟ್ಟಡ ಯಾಕೆ? ಇಳಿಜಾರು ಮಾಡು, ಅಗಲ ಪಡಸಾಲೆ, ಎದುರುಬದುರು ಕಿಟಕಿ ಇದ್ದರೆ ಸಾಕು. ಮರಗಳನ್ನು ಬಿಟ್ಟು ನಡುವೆ ಕಟ್ಟಬಹುದು.

ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಡಿ ಮರ ಅಧಿಕಾರಿಯ ಅನುಮತಿ ಬೇಕು. ಐವತ್ತಕ್ಕಿಂತ ಹೆಚ್ಚು ಮರಗಳಾದರೆ ಸಾರ್ವಜನಿಕರ ಆಕ್ಷೇಪಣೆಯನ್ನೂ ಕೇಳಬೇಕು. ಮರಕ್ಕೆ ಇರುವ ಈ ಮರ್ಯಾದೆ ಊರಿಗೂ ಸಿಗಲಿ. ಇನ್ನು ಮುಂದೆ ಯಾವುದೇ ವಿವಿ ಕಟ್ಟಡಕ್ಕೆ ಗುದ್ದಲಿ ಪೂಜೆ ಮಾಡುವ ಮೊದಲು ಪೂರ್ತಿ ನಕ್ಷೆಯನ್ನು, ನೀರು ಹರಿಯುವ ದಾರಿ ಮತ್ತು ಹಾಸ್ಟೆಲ್ ಲೆಕ್ಕದ ಸಮೇತ, ಕನ್ನಡದಲ್ಲಿ ಊರಿನ ಮುಂದೆ ಇಡಿ. ಒಂದು ತಿಂಗಳು ಸಮಯ ಕೊಡಿ. ಒಂದು ಸಂಜೆ ಸಭೆ ಕರೆಯಿರಿ, ಬೀದಿಬದಿ ವ್ಯಾಪಾರಿಗಳೂ ವಿದ್ಯಾರ್ಥಿಗಳೂ ಬರುವ ಹೊತ್ತಿಗೆ. ವಿವಿ ಆಡಳಿತ, ಹಾಸನ ನಗರಾಭಿವೃದ್ಧಿ ಪ್ರಾಧಿಕಾರ (ಹುಡಾ) ಮತ್ತು ಜಿಲ್ಲಾಡಳಿತಕ್ಕೆ ಇದು ನನ್ನ ಮನವಿ.

– ಒಬ್ಬ ಓದುಗ, ಹಾಸನ