ಹೊಲಿಗೆ ಹಾಕಿದ ಕೈಗೆ ವ್ಯಾಯಾಮವೂ ಚಿಕಿತ್ಸೆಯೇ

ಮಾನ್ಯ ಸಂಪಾದಕರೇ,

ಮಲೆನಾಡಿನ ತೋಟಗಳಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಆರಂಭವಾದೊಡನೆ ಕತ್ತಿ ತಗುಲಿ ಬೆರಳು, ಅಂಗೈ ಸೀಳಿಕೊಂಡವರು ಆಸ್ಪತ್ರೆಗೆ ಬರುತ್ತಾರೆ. ಬೆರಳನ್ನು ಮಡಚುವ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿ) ತುಂಡಾದವರಿಗೆ ಶಸ್ತ್ರಚಿಕಿತ್ಸಕರು ಅದನ್ನು ಚೊಕ್ಕಟವಾಗಿಯೇ ಕೂಡಿಸಿರುತ್ತಾರೆ. ಆದರೂ ಅವರಲ್ಲಿ ಕೆಲವರು ತಿಂಗಳುಗಳ ನಂತರ, ಮುಷ್ಟಿ ಕಟ್ಟಲಾಗದ ಕೈಯೊಂದಿಗೆ ಫಿಸಿಯೊಥೆರಪಿಸ್ಟ್ ಆದ ನನ್ನ ಬಳಿಗೆ ಬರುತ್ತಾರೆ. ಗಾಯ ಮಾಯುವವರೆಗೆ ಕೈ ಅಲುಗಾಡಿಸಲೇಬಾರದು ಎಂದು ಮನೆಯವರೆಲ್ಲ ಕಾಳಜಿಯಿಂದ ನೋಡಿಕೊಂಡಿರುವುದೇ ಇದಕ್ಕೆ ಬಹುಪಾಲು ಕಾರಣ.

ಮೆದು ಅಂಗಾಂಶವು ತನ್ನ ಮೇಲೆ ಬೀಳುವ ಎಳೆತವನ್ನು ಗ್ರಹಿಸಿ, ಅದಕ್ಕೆ ತಕ್ಕಂತೆ ಬೆಳೆಯುತ್ತದೆ. ಒತ್ತಡಕ್ಕೆ ತೆರೆದುಕೊಳ್ಳುವ ಪೀಜೋ ಎಂಬ ಪ್ರೋಟೀನುಗಳನ್ನು ವಿಜ್ಞಾನಿ ಆರ್ಡೆಮ್ ಪಟಪೂಟಿಯನ್ ಅವರ ತಂಡ 2010ರಲ್ಲಿ ಗುರುತಿಸಿತು. 2021ರ ವೈದ್ಯಕೀಯ ನೊಬೆಲ್‌ನಲ್ಲಿ ಅವರಿಗೂ ಪಾಲು ದೊರೆಯಿತು. ಹೊಲಿದ ಸ್ನಾಯುರಜ್ಜುವಿಗೆ ಹದವಾದ ಎಳೆತ ಸಿಕ್ಕರೆ ಕೊಲಾಜನ್ ಎಂಬ ಪ್ರೋಟೀನಿನ ಹೊಸ ಎಳೆಗಳು ಆ ಎಳೆತದ ದಿಕ್ಕಿನಲ್ಲಿಯೇ ಸಾಲುಗಟ್ಟುತ್ತವೆ. ಎಳೆತವೇ ಇಲ್ಲದಿದ್ದರೆ ಅವು ಅಡ್ಡಾದಿಡ್ಡಿಯಾಗಿ ಬೆಳೆದು, ರಜ್ಜುವನ್ನು ಸುತ್ತಲಿನ ಕವಚಕ್ಕೆ ಅಂಟಿಸಿಬಿಡುತ್ತವೆ. ಆದ್ದರಿಂದಲೇ ಇಂದು, ರೋಗಿಯ ಸ್ಥಿತಿ ಒಪ್ಪುವಂತಿದ್ದರೆ, ಕೈಯನ್ನು ಹಿಡಿದಿಡುವ ಪಟ್ಟಿಯ (ಸ್ಪ್ಲಿಂಟ್) ಆಸರೆಯೊಳಗೇ ಮೊದಲ ವಾರದಲ್ಲಿ ಮಿತವಾದ ಚಲನೆ ಆರಂಭಿಸುತ್ತೇವೆ. ರೋಗಿ ತಾನಾಗಿಯೇ ಬಲವಾಗಿ ಜಗ್ಗಿದರೆ ಹೊಲಿಗೆ ಹರಿಯುತ್ತದೆ ಎಂಬುದನ್ನೂ ಇಷ್ಟೇ ಒತ್ತಿ ಹೇಳಬೇಕು.

ಗಾಯದ ಇನ್ನೊಂದು ಮುಖ ವಿದ್ಯುತ್ತಿನದು. ಚರ್ಮದ ಜೀವಕೋಶಗಳು ಸೋಡಿಯಂ ಅಯಾನುಗಳನ್ನು ಸದಾ ಒಳಕ್ಕೆ ಸಾಗಿಸುತ್ತಿರುವುದರಿಂದ ಅದರ ಒಳಮೈ ಮತ್ತು ಹೊರಮೈಗಳ ನಡುವೆ ಸಣ್ಣ ವೋಲ್ಟೇಜ್ ಇರುತ್ತದೆ. ಚರ್ಮ ಹರಿದಾಗ ಅಲ್ಲಿ ಅತಿ ಕ್ಷೀಣವಾದ ವಿದ್ಯುತ್ ಹರಿಯುತ್ತದೆ. ಜರ್ಮನಿಯ ಶರೀರಕ್ರಿಯಾ ವಿಜ್ಞಾನಿ ಎಮಿಲ್ ಡು ಬೋಯಿಸ್-ರೇಮಂಡ್ 1843ರಷ್ಟು ಹಿಂದೆಯೇ ತಮ್ಮ ಬೆರಳನ್ನು ಕೊಯ್ದುಕೊಂಡು ಇದನ್ನು ಅಳೆದಿದ್ದರು. ಗಾಯದ ಅಂಚಿನ ಜೀವಕೋಶಗಳು ನಡುವಿನತ್ತ ಸರಿಯಲು ಈ ವಿದ್ಯುತ್ ಕ್ಷೇತ್ರವೂ ದಾರಿ ತೋರುತ್ತದೆ, ಆದರೆ ವಿದ್ಯುತ್ ಹರಿಯಲು ತೇವ ಬೇಕು. ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲಿ ಹಂದಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ತೆರೆದು ಒಣಗಲು ಬಿಟ್ಟ ಗಾಯಕ್ಕಿಂತ ತೇವ ಉಳಿಯುವಂತೆ ಮುಚ್ಚಿದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತ್ತು. ನಮ್ಮಲ್ಲಿ ಕತ್ತಿ ತಗುಲಿದ ಕೂಡಲೇ ರಕ್ತ ನಿಲ್ಲಲೆಂದು ಕಾಫಿ ಪುಡಿ ಒತ್ತುತ್ತಾರೆ. ಅದು ಗಾಯವನ್ನು ಒಣಗಿಸುವುದಲ್ಲದೆ ಸೋಂಕಿಗೂ ಎಡೆಮಾಡಬಹುದು. ಸ್ವಚ್ಛಗೊಳಿಸುವ ವೈದ್ಯರಿಗೆ ಸೀಳಿನ ಆಳದಿಂದ ಪುಡಿಯ ಕಣಗಳನ್ನು ಹೆಕ್ಕುವುದೇ ದೊಡ್ಡ ಕೆಲಸವಾಗುತ್ತದೆ. ಶುದ್ಧವಾದ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿದು, ಕೈ ಮೇಲೆತ್ತಿಕೊಂಡು ಆಸ್ಪತ್ರೆಗೆ ಬಂದರೆ ಸಾಕು. ಅಂದಹಾಗೆ, ದೇಹದಲ್ಲಿಯೇ ವಿದ್ಯುತ್ತಿದೆ ಎಂಬ ಮಾತನ್ನು ನೆಪ ಮಾಡಿಕೊಂಡು ಜಾತ್ರೆಗಳಲ್ಲಿ ಮಾರುವ ಕರೆಂಟ್ ಯಂತ್ರಗಳನ್ನು ಯಾರೂ ಗಾಯದ ಹತ್ತಿರ ತರಬಾರದು.

ಮೂಡಿಗೆರೆ, ಕೊಪ್ಪ, ಸಕಲೇಶಪುರದಂತಹ ತಾಲ್ಲೂಕುಗಳಿಂದ ಜಿಲ್ಲಾ ಕೇಂದ್ರಕ್ಕೆ ಬಂದು ಹೊಲಿಗೆ ಹಾಕಿಸಿಕೊಂಡವರು ಮತ್ತೆ ಬರಲು ಒಂದು ದಿನದ ಕೂಲಿ ಬಿಡಬೇಕಾಗುತ್ತದೆ. ಹೀಗಾಗಿ ಬಿಡುಗಡೆಯ ಚೀಟಿಯ ಜೊತೆಗೇ ಯಾವ ದಿನ ಯಾವ ಬೆರಳನ್ನು ಎಷ್ಟು ಮಡಚಬೇಕೆಂಬ ಚಿತ್ರಸಹಿತ ಕನ್ನಡ ಹಾಳೆಯೊಂದನ್ನು ಕೊಡುವಂತೆಯೂ, ಮೊದಲ ವಾರದೊಳಗೆ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಫಿಸಿಯೊಥೆರಪಿಸ್ಟ್ ಭೇಟಿಯನ್ನು ನಿಗದಿಪಡಿಸುವಂತೆಯೂ ಆರೋಗ್ಯ ಇಲಾಖೆಯನ್ನು ಕೋರುತ್ತೇನೆ. ಆ ಭೇಟಿಗಳ ದಿನದ ಕೂಲಿಯನ್ನು ತೋಟದ ಮಾಲೀಕರು ಕಡಿತಗೊಳಿಸಬಾರದು.

— ಓರ್ವ ಫಿಸಿಯೊಥೆರಪಿಸ್ಟ್, ಚಿಕ್ಕಮಗಳೂರು